ಹಂಪಿಯ ಲೆಕ್ಕ ಯಾರ ಖಾತೆಯಲ್ಲಿ?

2019ರ ಫೆಬ್ರುವರಿಯಲ್ಲಿ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹಂಪಿಯ ವಿಷ್ಣು ದೇವಾಲಯದ ಆವರಣದಲ್ಲಿ ಶತಮಾನಗಳಿಂದ ನಿಂತಿದ್ದ ಕಲ್ಲುಕಂಬವನ್ನು ಯುವಕನೊಬ್ಬ ತಳ್ಳುತ್ತಾನೆ, ಕಂಬ ನೆಲಕ್ಕುರುಳುತ್ತದೆ. ಪೊಲೀಸರು ನಾಲ್ವರನ್ನು ಹಿಡಿದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬಗಳನ್ನು ಅವರ ಕೈಯಲ್ಲೇ ಎತ್ತಿಸಿ ನಿಲ್ಲಿಸಿತು. ನಾಲ್ವರದೂ ಸೇರಿ 2.80 ಲಕ್ಷ ರೂಪಾಯಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ಹೋಗಬೇಕಾದ 52 ಸ್ಥಳಗಳ ಪಟ್ಟಿಯಲ್ಲಿ ಹಂಪಿಗೆ ಎರಡನೆಯ ಸ್ಥಾನ ಕೊಟ್ಟಿತ್ತು. 2017ರಿಂದ ಚಲಾವಣೆಯಲ್ಲಿರುವ ಐವತ್ತರ ನೋಟಿನ ಬೆನ್ನ ಮೇಲೆ ಹಂಪಿಯ ಕಲ್ಲಿನ ರಥವೇ ಇದೆ.

ದಂಡದ ಮೊತ್ತ ಕಂಬದ ಬೆಲೆಯಲ್ಲ ಎಂದು ಯಾರಾದರೂ ಹೇಳಬಹುದು, ಸರಿಯೇ. ಸ್ಮಾರಕ ಹಾಳುಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು 1958ರ ಪುರಾತನ ಸ್ಮಾರಕಗಳ ಕಾಯ್ದೆ 2010ರ ತಿದ್ದುಪಡಿಯ ನಂತರ ಹೇಳುತ್ತದೆ. ನ್ಯಾಯಾಧೀಶರು ಆ ಮಿತಿಯೊಳಗೇ ತೀರ್ಪು ಕೊಡಬೇಕು. ಆದರೂ ಹಂಪಿಯ ಒಂದು ಕಲ್ಲಿನ ಮುಂದೆ ಸರ್ಕಾರಿ ಕಾಗದದಲ್ಲಿ ರೂಪಾಯಿಯ ಅಂಕಿ ಬರೆದದ್ದು ತೀರ ಅಪರೂಪದ ಸಂಗತಿ. ಉಳಿದಂತೆ ಸರ್ಕಾರಕ್ಕೆ ಗೊತ್ತಿರುವ ಅಂಕಿ ಒಂದೇ: ಟಿಕೆಟ್. 2018ರ ಪರಿಷ್ಕರಣೆಯಂತೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ವಿಜಯ ವಿಠ್ಠಲ ದೇವಾಲಯಕ್ಕೂ ಕಮಲ ಮಹಲಿನ ಆವರಣಕ್ಕೂ ಅದೇ ದಿನ ಅದೇ ಚೀಟಿ ಸಾಕು. ಹಜಾರರಾಮ, ಕೃಷ್ಣ ದೇವಾಲಯ, ಉಗ್ರನರಸಿಂಹ, ಮಹಾನವಮಿ ದಿಬ್ಬ ಎಲ್ಲವೂ ಪುಕ್ಕಟೆ. ದೇಶದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿರುವ ಸುಮಾರು 3,700 ಸ್ಮಾರಕಗಳಲ್ಲಿ ಟಿಕೆಟ್ ಇರುವುದು 150ಕ್ಕಿಂತ ಕಡಿಮೆ ಕಡೆ. ಆ ದುಡ್ಡೂ ಸ್ಮಾರಕದ ಪೆಟ್ಟಿಗೆಗೆ ಬೀಳುವುದಿಲ್ಲ. ಅದು ಕೇಂದ್ರದ ಸಂಚಿತ ನಿಧಿಗೆ ಸೇರುತ್ತದೆ. ಇಲಾಖೆಗೆ ಬೇಕಾದ ಹಣ ಬಜೆಟ್ಟಿನ ಮೂಲಕ ಬೇರೆ ದಾರಿಯಲ್ಲಿ ಬರುತ್ತದೆ. ಹಂಪಿ ಎಷ್ಟು ಗಳಿಸಿತು, ಹಂಪಿಗೆ ಎಷ್ಟು ಬಂತು ಎಂಬ ಎರಡು ಪ್ರಶ್ನೆಗಳಿಗೆ ಹೀಗಾಗಿ ಸಂಬಂಧವೇ ಉಳಿದಿಲ್ಲ.

ಪರಂಪರೆಗೆ ಬೆಲೆ ಕಟ್ಟುವ ಮಾತೆತ್ತಿದರೆ ಹಲವರಿಗೆ ಮೈ ಉರಿಯುತ್ತದೆ. ವಿರೂಪಾಕ್ಷನಿಗೆ, ಹೇಮಕೂಟದ ಸಂಜೆಗೆ ರೇಟು ಹಾಕುವುದೇ ಎಂದು ಕೇಳುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೆಲೆ ಕಟ್ಟದೆ ಬಿಟ್ಟರೆ ಹಂಪಿ ಬೆಲೆಗಳ ಲೋಕದಿಂದ ಹೊರಗುಳಿಯುತ್ತದೆ ಎಂದುಕೊಳ್ಳುವುದು ಭ್ರಮೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ದರ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಯ ಬೆಟ್ಟಗಳು ಏನಾದವು ಎಂಬುದು ಎಲ್ಲರಿಗೂ ಗೊತ್ತು. ಹೊಸಪೇಟೆ ಪಕ್ಕದ ಜಂಬುನಾಥನ ಬೆಟ್ಟದ ಬಳಿಯೂ ಅಗೆತ ನಡೆಯಿತು. ಟನ್ನಿಗೆ ಎಷ್ಟು ಎಂಬುದು ಚಹಾದಂಗಡಿಯಲ್ಲಿ ಕೂತವನ ಬಾಯಲ್ಲೂ ಇತ್ತು. ಬೆಟ್ಟದ ಮೇಲಿನ ಗುಡಿಗೆ, ಕೆಳಗಿನ ಕೆರೆಗೆ, ದಾರಿಬದಿಯ ಮಂಟಪಕ್ಕೆ ಅಂಥ ಅಂಕಿ ಇರಲಿಲ್ಲ. ಒಂದು ಕಲಮಿನಲ್ಲಿ ಕೋಟಿಗಳು, ಇನ್ನೊಂದು ಕಲಮು ಖಾಲಿ ಎಂದಾದರೆ ಕಡತ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಊಹಿಸಲು ಅರ್ಥಶಾಸ್ತ್ರ ಬೇಕಿಲ್ಲ.

ಖಾಲಿ ಕಲಮನ್ನು ತುಂಬುವ ಪ್ರಯತ್ನ ಅಮೆರಿಕದಲ್ಲಿ ಮುಕ್ಕಾಲು ಶತಮಾನದ ಹಿಂದೆಯೇ ಶುರುವಾಯಿತು. 1947ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಒಂದು ಪತ್ರ ಬರೆದ. ಉದ್ಯಾನಕ್ಕೆ ಟಿಕೆಟ್ ಇಲ್ಲದಿದ್ದರೇನು, ಜನ ಅಲ್ಲಿಗೆ ಬರಲು ಖರ್ಚು ಮಾಡುತ್ತಾರಲ್ಲ, ಅದೇ ಅವರು ತೆರುವ ಬೆಲೆ ಎಂಬುದು ಅವನ ತರ್ಕ. ಉದ್ಯಾನದ ಸುತ್ತ ದೂರಕ್ಕೆ ತಕ್ಕಂತೆ ವರ್ತುಲಗಳನ್ನು ಎಳೆದು, ಯಾವ ವರ್ತುಲದಿಂದ ಎಷ್ಟು ಜನ ಎಷ್ಟು ಖರ್ಚಿನಲ್ಲಿ ಬರುತ್ತಾರೆಂದು ನೋಡಿದರೆ ಸ್ಥಳದ ಮೌಲ್ಯದ ಅಂದಾಜು ಸಿಗುತ್ತದೆ. ಪ್ರಯಾಣ ವೆಚ್ಚದ ವಿಧಾನ ಎಂದು ಇದಕ್ಕೆ ಹೆಸರು.

ಇದನ್ನು ಹಂಪಿಗೆ ತಂದು ನೋಡಿದರೆ ಲೆಕ್ಕದ ಹುಳುಕು ತಾನಾಗಿ ಹೊರಬೀಳುತ್ತದೆ. ಬರ್ಲಿನ್ನಿನಿಂದ ವಿಮಾನ ಹತ್ತಿ ಬಂದವಳ ಖರ್ಚು ಲಕ್ಷಗಳಲ್ಲಿ; ಬೆಂಗಳೂರಿನಿಂದ ವಾರಾಂತ್ಯಕ್ಕೆ ಕಾರಿನಲ್ಲಿ ಬಂದ ಕುಟುಂಬದ್ದು ಸಾವಿರಗಳಲ್ಲಿ; ಚೈತ್ರದ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಗಂಗಾವತಿ ಕಡೆಯ ಹಳ್ಳಿಯಿಂದ ಬಂದು, ತೇರು ಎಳೆದು, ಹೊಳೆಯ ದಂಡೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಹೋಗುವ ಅಜ್ಜಿಯದು ನೂರರ ಆಸುಪಾಸು. ಖರ್ಚಿನ ಮೊತ್ತವನ್ನೇ ಮೌಲ್ಯವೆಂದು ಎಣಿಸಿದರೆ ಹಂಪಿಯ ಮೌಲ್ಯ ಹೆಚ್ಚಿಸುವವಳು ಬರ್ಲಿನ್ನಿನವಳು. ವಿರೂಪಾಕ್ಷನ ಹೆಸರನ್ನು ಮಗನಿಗಿಟ್ಟು, ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಆ ಗುಡಿಗೇ ತಂದೊಪ್ಪಿಸುವವಳ ಪಾಲು ಸೊನ್ನೆಗೆ ಹತ್ತಿರ. ದೂರದವರ ಕುತೂಹಲವನ್ನು ಹಿಗ್ಗಿಸಿ ಹತ್ತಿರದವರ ನಂಟನ್ನು ಕುಗ್ಗಿಸುವ ಅಳತೆಗೋಲು ಇದು. ಮತ್ತೆ, ಬರ್ಲಿನ್ನಿನವಳು ಹಂಪಿಗೆ ಮಾತ್ರ ಬಂದಿರುವುದಿಲ್ಲ. ಬಾದಾಮಿ, ಪಟ್ಟದಕಲ್ಲು ನೋಡಿ ಗೋವಾಕ್ಕೂ ಹೋಗುತ್ತಾಳೆ. ಅವಳ ವಿಮಾನದ ಖರ್ಚಿನಲ್ಲಿ ಹಂಪಿಯ ಪಾಲೆಷ್ಟು ಎಂಬುದಕ್ಕೆ ಉತ್ತರವಾಗಿ ಸಿಗುವುದು ಊಹೆ ಮಾತ್ರ.

ಇನ್ನೊಂದು ದಾರಿ ನೇರವಾಗಿ ಕೇಳುವುದು. ಎಂದೂ ಹೋಗದಿದ್ದರೂ ಒಂದು ಸ್ಥಳ ಇದೆ, ಇರುತ್ತದೆ ಎಂಬ ತಿಳಿವಳಿಕೆಯೇ ಜನರಿಗೆ ಬೆಲೆಯುಳ್ಳದ್ದು ಎಂದು 1967ರಲ್ಲಿ ಜಾನ್ ಕ್ರುಟಿಲ್ಲ ವಾದಿಸಿದ. ಆ ಇರುವಿಕೆಯ ಮೌಲ್ಯವನ್ನು ಅಳೆಯಲು ಪ್ರಶ್ನಾವಳಿ ಬಂತು: ಇದನ್ನು ಉಳಿಸಲು ನೀವು ಎಷ್ಟು ಕೊಡುತ್ತೀರಿ? 1989ರಲ್ಲಿ ಅಲಾಸ್ಕದ ತೀರದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಕಚ್ಚಾತೈಲ ಸೋರಿದಾಗ ಈ ಪ್ರಶ್ನೆ ನ್ಯಾಯಾಲಯದ ಪ್ರಶ್ನೆಯಾಯಿತು. ಅಂಥ ಉತ್ತರಗಳನ್ನು ನಂಬಬಹುದೇ ಎಂದು ಪರಿಶೀಲಿಸಿದ ಸಮಿತಿಗೆ ನೊಬೆಲ್ ಪಡೆದ ಕೆನೆತ್ ಆ್ಯರೊ ಮತ್ತು ರಾಬರ್ಟ್ ಸೊಲೊ ಅಧ್ಯಕ್ಷರಾಗಿದ್ದರು. ಎಚ್ಚರಿಕೆಯಿಂದ ಕೇಳಿದರೆ ನಂಬಬಹುದು ಎಂದು ಸಮಿತಿ 1993ರಲ್ಲಿ ಹೇಳಿತು. ಅದೇ ದಶಕದಲ್ಲಿ ಮೊರಾಕ್ಕೊದ ಫೆಜ್ ಎಂಬ ಹಳೆಯ ಕೋಟೆಪಟ್ಟಣದ ಜೀರ್ಣೋದ್ಧಾರಕ್ಕಾಗಿ ವಿಶ್ವ ಬ್ಯಾಂಕ್ ಇಂಥ ಸಮೀಕ್ಷೆ ಮಾಡಿಸಿತು. ಫೆಜ್‌ಗೆ ಕಾಲಿಡದೆ ಮೊರಾಕ್ಕೊದ ಬೇರೆಡೆ ಸುತ್ತುತ್ತಿದ್ದ ಪ್ರವಾಸಿಗರೂ ಅದರ ಉಳಿವಿಗೆ ದುಡ್ಡು ಕೊಡಲು ಒಪ್ಪಿದರು. ಹಂಪಿಯನ್ನು ಪಠ್ಯಪುಸ್ತಕದಲ್ಲಷ್ಟೇ ಕಂಡ ಕನ್ನಡಿಗರನ್ನು, ದುಬೈ, ಡಲ್ಲಾಸ್‌ಗಳ ಕನ್ನಡ ಕೂಟಗಳವರನ್ನು ಕೇಳಿದರೂ ಸಿಗುವ ಮೊತ್ತ ಸಣ್ಣದಿರಲಾರದು.

ಆದರೆ ಫೆಜ್‌ನಲ್ಲಿ ಪ್ರಶ್ನೆ ಕೇಳಿದ್ದು ಮುಖ್ಯವಾಗಿ ವಿದೇಶಿ ಪ್ರವಾಸಿಗರನ್ನು.

ಮೌಲ್ಯಮಾಪನದ ಅಂಕಿ ಯಾರ ಕೈಗೆ ಸಿಕ್ಕರೆ ಅವರ ಆಯುಧವಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಸಾಕ್ಷಿ. ಆ ಕಲ್ಲುಗಳ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸುವ ಯೋಜನೆ ಬಂತು. ವಾಹನಗಳಿಗೆ ಉಳಿಯುವ ಸಮಯವನ್ನಷ್ಟೇ ಲೆಕ್ಕ ಹಾಕಿದರೆ ಖರ್ಚು ಗಿಟ್ಟುತ್ತಿರಲಿಲ್ಲ. ಕಲ್ಲುಗಳ ಸುತ್ತ ರಸ್ತೆ ಮಾಯವಾದರೆ ಎಷ್ಟು ಕೊಡುತ್ತೀರೆಂದು ಜನರನ್ನು ಕೇಳಿ ಪಡೆದ ಪರಂಪರೆಯ ಮೌಲ್ಯವೇ ಯೋಜನೆಯ ಲಾಭದ ಬಹುಪಾಲಾಯಿತು. ಪರಂಪರೆಯ ಹೆಸರಿನಲ್ಲೇ ಸುರಂಗಕ್ಕೆ ಸಮರ್ಥನೆ ಸಿಕ್ಕಿತು; ಸುರಂಗದ ಬಾಯಿ ತೆರೆಯುವುದು ವಿಶ್ವ ಪರಂಪರೆಯ ಪ್ರದೇಶದೊಳಗೇ ಎಂದು ಯುನೆಸ್ಕೊ ಸಮಿತಿ ಆಕ್ಷೇಪಿಸಿತು. ಕೋರ್ಟು, ಮರುಮಂಜೂರಾತಿ ಎಲ್ಲ ಮುಗಿದ ಮೇಲೆ 2024ರಲ್ಲಿ ಹೊಸ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು, ದುಡ್ಡಿಲ್ಲ ಎಂಬ ಕಾರಣ ಕೊಟ್ಟು.

ರಸ್ತೆಗೂ ಪರಂಪರೆಗೂ ನಡುವಿನ ಇಂಥ ಜಗಳ ಹಂಪಿಗೆ ಹೊಸದಲ್ಲ, ಇಲ್ಲಿ ಅದು ಸೇತುವೆಯ ಕಥೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಕಾರಣ, ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಗಳು: ಒಂದು ವಿರೂಪಾಪುರಗಡ್ಡೆಗೆ ತೂಗುಸೇತುವೆ, ಇನ್ನೊಂದು ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಸೇತುವೆ. ಆನೆಗೊಂದಿಯ ಜನರಿಗೆ ಆ ಸೇತುವೆ ಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹೊಳೆ ತುಂಬಿ ಹರಿಗೋಲು ನಿಂತರೆ, ಎದುರಿಗೇ ಕಾಣುವ ದಡಕ್ಕೆ ಹತ್ತಾರು ಕಿಲೋಮೀಟರ್ ಸುತ್ತಬೇಕಾದವರು ಅವರು. ಭಾರಿ ಲಾರಿಗಳು ಸ್ಮಾರಕಗಳ ನಡುವೆ ಓಡಾಡುತ್ತವೆ ಎಂಬ ಯುನೆಸ್ಕೊದ ಆತಂಕವೂ ಸುಳ್ಳಲ್ಲ. ತೂಗುಸೇತುವೆ ಕಿತ್ತು ಹಾಕಲಾಯಿತು, 2006ರಲ್ಲಿ ಹಂಪಿಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ ಮಾತ್ರ ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದು ಕಾರ್ಮಿಕರ ಜೀವ ತೆಗೆಯಿತು. ಸ್ಮಾರಕಗಳ ಗುಂಪಿನಿಂದ ದೂರಕ್ಕೆ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಬರಲು ಮತ್ತಷ್ಟು ವರ್ಷ ಬೇಕಾಯಿತು. ಎರಡೂ ಕಡೆಯವರಿಗೆ ಒಪ್ಪಿಗೆಯಾಗಬಹುದಾದ ಆ ಜಾಗವನ್ನು ಮೊದಲೇ ಹುಡುಕಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರವಿಲ್ಲ.

ಜರ್ಮನಿಯ ಡ್ರೆಸ್ಡೆನ್ ನಗರ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿ ಬೇರೆ ತೀರ್ಮಾನ ಮಾಡಿತು. ಎಲ್ಬೆ ನದಿ ಕಣಿವೆ 2004ರಲ್ಲಿ ಪಟ್ಟಿಗೆ ಬಂತು. 2005ರ ಜನಮತಗಣನೆಯಲ್ಲಿ ನಾಗರಿಕರು ಸೇತುವೆ ಬೇಕೆಂದರು. 2009ರಲ್ಲಿ ಯುನೆಸ್ಕೊ ಪಟ್ಟಿಯಿಂದ ಹೆಸರು ಹೊಡೆದುಹಾಕಿತು. 2013ರಲ್ಲಿ ಸೇತುವೆಯ ಮೇಲೆ ವಾಹನ ಓಡಿದವು. ಅವರ ಆಯ್ಕೆ ಸರಿಯೋ ತಪ್ಪೋ, ಅವರನ್ನು ಕೇಳಲಾಗಿತ್ತು. ಆನೆಗೊಂದಿಯವರನ್ನು ಯಾರೂ ಕೇಳಲಿಲ್ಲ.

ಹಂಪಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹುಳುಕು ಇಲ್ಲಿದೆ. ಹಂಪಿ ಉಳಿದರೆ ಲಾಭ ಜಗತ್ತಿಗೆಲ್ಲ ಹಂಚಿಹೋಗುತ್ತದೆ. ಉಳಿಸುವ ಖರ್ಚು ಮಾತ್ರ ಕೆಲವೇ ಸಾವಿರ ಜನರ ಹೆಗಲ ಮೇಲೆ. 2002ರ ಕಾಯ್ದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿಗಳು. ಅಲ್ಲಿ ಮಗನ ಮದುವೆಗೆಂದು ಒಂದು ಕೋಣೆ ಏರಿಸಲೂ ಕಚೇರಿ ಸುತ್ತಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಕಟ್ಟುವಂತೆಯೇ ಇಲ್ಲ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ನಿಯಮ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ನಿಯಮದಿಂದ ಜಮೀನಿನ ಬೆಲೆ ಎಷ್ಟು ಇಳಿಯಿತು, ಯಾರಿಗೆ ಎಷ್ಟು ನಷ್ಟವಾಯಿತು ಎಂಬುದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಗೆ ಬುಲ್ಡೋಜರುಗಳು ಬಂದವು. ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಕಟ್ಟಿಕೊಂಡು ಮನೆ, ಅಂಗಡಿ, ಖಾನಾವಳಿ ನಡೆಸುತ್ತಿದ್ದ ನೂರಾರು ಕುಟುಂಬಗಳು ಬೀದಿಗೆ ಬಿದ್ದವು. ಅದೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ್ದರಿಂದ ಪತ್ರಿಕೆಗಳ ಮುಖಪುಟದಲ್ಲಿ ಈ ಸುದ್ದಿಗೆ ಹೆಚ್ಚು ಜಾಗ ಸಿಗಲಿಲ್ಲ. ಒಕ್ಕಲೆದ್ದವರಿಗೆ ಕಡ್ಡಿರಾಂಪುರದ ಕಡೆ ನಿವೇಶನ ತೋರಿಸಲಾಯಿತು. ಅಲ್ಲಿ ನೆಲವಿತ್ತು, ಗಿರಾಕಿಗಳಿರಲಿಲ್ಲ. ಮಂಟಪಗಳ ಅತಿಕ್ರಮಣ ಕಾನೂನಿನ ಪ್ರಕಾರ ತಪ್ಪೇ. ಆದರೆ ಆ ಬೀದಿ ಕಟ್ಟಿದ್ದೇ ಬಜಾರಾಗಿ. ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆರಗಿನಿಂದ ಬರೆದದ್ದು ಜನ, ಸರಕು, ಸಂತೆ ತುಂಬಿದ ವಿಜಯನಗರದ ಬೀದಿಗಳನ್ನು ಕಂಡು. ಜನರನ್ನು ಎಬ್ಬಿಸಿ ಖಾಲಿ ಮಾಡಿದ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿಯಿತು. ಜನರಿದ್ದಿದ್ದರೆ ಬೀಳುತ್ತಿರಲಿಲ್ಲ ಎಂದಲ್ಲ. ಜನರನ್ನು ತೆರವು ಮಾಡಿದಷ್ಟು ಚುರುಕಾಗಿ ದುರಸ್ತಿ ನಡೆಯಲಿಲ್ಲ ಎಂಬುದಂತೂ ಕಣ್ಣೆದುರಿಗಿದೆ.

ಹೊಳೆಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಾರ್ಚಿನಲ್ಲಿ ಕೆಡವಲಾಯಿತು. ಅಲ್ಲಿನ ದಂಧೆಯಲ್ಲಿ ಎಲ್ಲವೂ ಚೊಕ್ಕವಾಗಿರಲಿಲ್ಲ, ಆ ಕ್ರಮಕ್ಕೆ ಕಣ್ಣೀರು ಹಾಕುವ ಅಗತ್ಯವಿಲ್ಲ. ಆದರೂ ಒಂದು ಮಾತು: ಬೆಳೆಯುವವರೆಗೆ ಸುಮ್ಮನಿದ್ದು ಬೆಳೆದ ಮೇಲೆ ಕಡಿಯುವುದನ್ನು ನಿರ್ವಹಣೆ ಎನ್ನಲಾಗದು.

ಅರ್ಥಶಾಸ್ತ್ರದ ಒಳಗೇ ಇದಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಹಂಪಿ ಬಜಾರಿನ ಅಂಗಡಿಯವನನ್ನು ಎರಡು ಬಗೆಯಲ್ಲಿ ಕೇಳಬಹುದು. ಇಲ್ಲೇ ಉಳಿಯಲು ನೀನು ಎಷ್ಟು ಕೊಡುತ್ತೀಯ? ಇಲ್ಲಿಂದ ಹೋಗಲು ನಿನಗೆ ಎಷ್ಟು ಕೊಡಬೇಕು? ಮೊದಲ ಪ್ರಶ್ನೆಯ ಉತ್ತರ ಅವನ ಗಲ್ಲಾಪೆಟ್ಟಿಗೆಯನ್ನು ಮೀರಲಾರದು. ಎರಡನೆಯದಕ್ಕೆ ಅಂಥ ಮಿತಿಯಿಲ್ಲ, ಮೊತ್ತ ಅನೇಕ ಪಟ್ಟು ಹೆಚ್ಚಾಗಬಹುದು. ಆ್ಯರೊ ಸಮಿತಿ ಅಂದಾಜು ಉಬ್ಬದಿರಲೆಂದು ಮೊದಲ ಬಗೆಯ ಪ್ರಶ್ನೆಯನ್ನೇ ಶಿಫಾರಸು ಮಾಡಿತು. ಶಾಸ್ತ್ರಕ್ಕೆ ಅದು ಎಚ್ಚರಿಕೆಯಿರಬಹುದು. ಆದರೆ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರಲ್ಲೇ ಹಕ್ಕು ಯಾರದು ಎಂಬ ತೀರ್ಮಾನ ಆಗಿಹೋಗಿರುತ್ತದೆ. ನಾಲ್ಕು ತಲೆಮಾರಿನಿಂದ ಅಲ್ಲಿದ್ದವನನ್ನು ಮೊದಲ ಪ್ರಶ್ನೆ ಕೇಳುವುದೆಂದರೆ ಅವನಿಗೆ ಅಲ್ಲಿ ಹಕ್ಕಿಲ್ಲ ಎಂದು ಮೊದಲೇ ಬರೆದುಕೊಂಡಂತೆ. ಹಂಪಿಯಲ್ಲಿ ಕೇಳಬೇಕಾದ್ದು ಎರಡನೆಯ ಪ್ರಶ್ನೆಯನ್ನು, ಮತ್ತು ಅದರ ಉತ್ತರವನ್ನು ಸಂರಕ್ಷಣೆಯ ಖರ್ಚಿನಲ್ಲಿ ಸೇರಿಸಬೇಕು.

ರೈತರದು ಇನ್ನೂ ವಿಚಿತ್ರ ಪಾಡು. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ ಸ್ಮಾರಕಗಳ ನಡುವೆ ಇಂದಿಗೂ ಹರಿಯುತ್ತಿದೆ. ಪಟ್ಟಣ 1565ರ ನಂತರ ಪಾಳುಬಿತ್ತು; ಕಾಲುವೆ ತನ್ನ ಕೆಲಸ ಬಿಡಲಿಲ್ಲ. ಅದರ ನೀರಿನಲ್ಲಿ ಬಾಳೆ, ಭತ್ತ, ಕಬ್ಬು ಬೆಳೆಯುತ್ತವೆ. ಹೇಮಕೂಟದಿಂದಲೋ ಮಾತಂಗ ಬೆಟ್ಟದಿಂದಲೋ ಪ್ರವಾಸಿಗರು ತೆಗೆಯುವ ಫೋಟೊಗಳಲ್ಲಿ ಬಂಡೆಗಳ ನಡುವೆ ಕಾಣುವ ಹಸಿರು ಅದೇ. ಆ ಹಸಿರಿಗೆ ಟಿಕೆಟ್ಟಿನಲ್ಲಿ ಪಾಲಿಲ್ಲ. ಐದಾರು ಶತಮಾನ ನಿರಂತರ ಬಳಕೆಯಲ್ಲಿರುವ ನೀರಾವರಿ ವ್ಯವಸ್ಥೆಗಿಂತ ಮುರಿದ ಕಂಬವನ್ನು ದೊಡ್ಡ ಪರಂಪರೆ ಎಂದು ಭಾವಿಸುವ ಕಣ್ಣು ತಿದ್ದಿಕೊಳ್ಳಬೇಕಾದ ಕಣ್ಣು. ಮೌಲ್ಯಮಾಪನ ನಿಜಕ್ಕೂ ಸುಲಭವಾಗುವುದು ಇಲ್ಲೇ: ಎಷ್ಟು ಎಕರೆ, ಎಷ್ಟು ಬೆಳೆ, ಯಾವ ದರ ಎಂಬುದೆಲ್ಲ ಕಂದಾಯ ಇಲಾಖೆಯ ಕಡತಗಳಲ್ಲಿರುವಂಥದ್ದು. ಊಹೆಯ ಪ್ರಶ್ನಾವಳಿಯೇ ಬೇಕಿಲ್ಲ.

ಕೆಲವು ಕೆಲಸಗಳು ಸರಿಯಾಗಿಯೂ ನಡೆದಿವೆ. ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯದವರೆಗೆ ವಾಹನ ನಿಲ್ಲಿಸಿ ಬ್ಯಾಟರಿ ಗಾಡಿಗಳನ್ನು ಬಿಟ್ಟಿದ್ದರಿಂದ ಹೊಗೆ, ಅದುರುವಿಕೆ ಕಡಿಮೆಯಾಯಿತು. ಸ್ಥಳೀಯ ಹೆಣ್ಣುಮಕ್ಕಳ ಕೈಗೆ ಸ್ಟೀರಿಂಗ್ ಬಂತು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕಸುಬು ಕಲಿಸಿ, ಹಳೆಯ ಮನೆಗಳನ್ನು ಪ್ರವಾಸಿಗರ ವಾಸ್ತವ್ಯಕ್ಕೆ ಸಜ್ಜುಗೊಳಿಸಿ, ದುಡಿಮೆ ಊರಲ್ಲೇ ಉಳಿಯುವ ದಾರಿ ತೋರಿಸಿತು. ಹಂಪಿಯಿಂದ ಆಚೆ ನೋಡಿದರೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನ ಲೆಕ್ಕಾಚಾರ ಗಮನಾರ್ಹ. ಹಳೆಯ ಗುಡಿಯೊಂದರ ಜೀರ್ಣೋದ್ಧಾರಕ್ಕೆ ಸರ್ಕಾರದಿಂದ ನೂರಕ್ಕೆ 40, ಟ್ರಸ್ಟಿನಿಂದ 40, ಊರವರಿಂದ 20. ಆ ಇಪ್ಪತ್ತು ಪ್ರಶ್ನಾವಳಿಗೆ ಬಾಯಿಮಾತಿನಲ್ಲಿ ಕೊಟ್ಟ ಉತ್ತರವಲ್ಲ, ಜೇಬಿನಿಂದ ತೆಗೆದ ನೋಟು. ಗುಡಿ ತಮ್ಮದು ಎಂದು ಊರು ಎಷ್ಟರ ಮಟ್ಟಿಗೆ ತಿಳಿದಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಸಿಗುವುದು ಕಷ್ಟ.

ಟಿಕೆಟ್ ದರ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಭೂತಾನ್ ಪ್ರವಾಸಿಗರ ಮೇಲಿನ ದಿನದ ಶುಲ್ಕವನ್ನು 2022ರಲ್ಲಿ 200 ಡಾಲರಿಗೆ ಏರಿಸಿ, ಜನ ಬಾರದೆ ಮರುವರ್ಷವೇ 100ಕ್ಕೆ ಇಳಿಸಿತು. ತಾಜಮಹಲಿನ ಮುಖ್ಯ ಗೋರಿಗೆ 2018ರಿಂದ 200 ರೂಪಾಯಿ ಹೆಚ್ಚುವರಿ. ಹಂಪಿಯಲ್ಲಿ ದರ ಹತ್ತಿಪ್ಪತ್ತು ರೂಪಾಯಿ ಏರಿದರೆ ಯಾರೂ ಮುನಿಯಲಾರರು. ಆದರೆ ಏರಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಬದಲಾಗದೆ ದರ ಏರಿಸಿ ಪ್ರಯೋಜನವಿಲ್ಲ. ಕಾಂಬೋಡಿಯದ ಅಂಕೋರ್‌ನಲ್ಲಿ 37 ಡಾಲರಿನ ಟಿಕೆಟ್ಟಿನಿಂದ 2 ಡಾಲರ್ ಅಲ್ಲಿನ ಮಕ್ಕಳ ಆಸ್ಪತ್ರೆಗೆ ಸಲ್ಲುತ್ತದೆ. ಮೊತ್ತ ಸಣ್ಣದು. ಆದರೆ ಆ ಸ್ಮಾರಕದಿಂದ ತಮಗೇನು ಸಿಕ್ಕಿತು ಎಂದು ಸಿಯೆಮ್ ರೀಪ್‌ನ ತಾಯಂದಿರು ಕೇಳಿದರೆ ತೋರಿಸಲು ಒಂದು ಕಟ್ಟಡವಿದೆ. ಹಂಪಿಯ ಟಿಕೆಟ್ಟಿನಲ್ಲಿ ಐದು ರೂಪಾಯಿಯಾದರೂ ಹಂಪಿ, ಆನೆಗೊಂದಿಯಂಥ ಪಂಚಾಯಿತಿಗಳಿಗೆ ನೇರ ಸೇರುವುದಾದರೆ, ಸ್ಮಾರಕದ ಗೋಡೆಗೆ ಒರಗಿ ಬೆಳೆದ ಮರವನ್ನು ಮೊದಲು ನೋಡಿ ದೂರು ಕೊಡುವವರು ಊರಿನವರೇ ಆಗುತ್ತಾರೆ.

ಅದಕ್ಕೆ ಕೇಂದ್ರ, ರಾಜ್ಯ, ಮುಜರಾಯಿ, ನೀರಾವರಿ, ಎರಡು ಜಿಲ್ಲಾಡಳಿತಗಳು ಒಂದೆಡೆ ಕೂರಬೇಕು. ಅದು ತಡವಾಗುವುದಾದರೆ ಪ್ರಾಧಿಕಾರ ಒಂದು ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ಮಾಡಬಹುದು. ಪ್ರತಿ ವರ್ಷ ಹಂಪಿಯ ಜಮಾ-ಖರ್ಚನ್ನು ಕನ್ನಡದಲ್ಲಿ ಪ್ರಕಟಿಸಲಿ: ಎಷ್ಟು ಜನ ಬಂದರು, ಟಿಕೆಟ್ ಎಷ್ಟು, ದುರಸ್ತಿಗೆ ಎಷ್ಟು ಬಂತು, ಕಾಲುವೆಗಳಿಂದ ಎಷ್ಟು ಬೆಳೆ, ಎಷ್ಟು ಮನೆಗಳ ಕಟ್ಟಡ ಅರ್ಜಿ ತಿರಸ್ಕೃತ, ಯಾರಿಗೆ ಎಷ್ಟು ಪರಿಹಾರ. 29 ಹಳ್ಳಿಗಳ ಗ್ರಾಮಸಭೆಗಳಲ್ಲಿ ಅದನ್ನು ಓದಿ ಹೇಳಲಿ, ಜನ ಪ್ರಶ್ನೆ ಕೇಳಲಿ. ಮುಂದಿನ ಯುಗಾದಿಯೊಳಗೆ ಮೊದಲ ಲೆಕ್ಕಪತ್ರ ಹೊರಬರುವಂತೆ ಹೊಸಪೇಟೆ, ಗಂಗಾವತಿಯ ಶಾಸಕರು ಪಟ್ಟು ಹಿಡಿಯಬೇಕು.